ಅಕ್ಕನಿಗೆ ಬಾರದ ನಿದ್ದೆ

ನನ್ನ ಮಗಳು ಜೋರಾಗಿ ನಕ್ಕರೆ ನನಗೆ ಭಯವಾಗುತ್ತದೆ. ಅತ್ತರೂ ಭಯವೇ, ಆದರೆ ನಗುವಿನ ಭಯ ಇನ್ನೂ ಹೆಚ್ಚು. ಇಂಥ ತಾಯಿಯೂ ಇರುತ್ತಾಳೆಯೇ ಎಂದು ಕೇಳಬೇಡಿ, ಇದ್ದೇನೆ. ಮಾಲೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಕೋಲಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗಳಿಗೆ ಫೋನ್ ಮಾಡುತ್ತೇನೆ. ಊಟ ಆಯಿತಾ ಎಂದು ಕೇಳುವುದು ನೆಪ. ಅವಳು ಎಷ್ಟು ವೇಗವಾಗಿ ಮಾತಾಡುತ್ತಿದ್ದಾಳೆ ಎಂದು ಕಿವಿಗೊಟ್ಟು ಕೇಳುವುದೇ ಕೆಲಸ. ಅವಳಿಗೀಗ ಹತ್ತೊಂಬತ್ತು. ನಮ್ಮಕ್ಕನಿಗೆ ಕಾಯಿಲೆ ಶುರುವಾದದ್ದೂ ಹತ್ತೊಂಬತ್ತಕ್ಕೇ. ಅದು ಬೈಪೋಲಾರ್ ಎಂಬ ಕಾಯಿಲೆ ಎಂದು ನಮಗೆ ತಿಳಿಯಲು ಆಮೇಲೆ ಎರಡು ವರ್ಷ ಹಿಡಿಯಿತು.

ತಡವಾದದ್ದಕ್ಕೆ ಕಾರಣ ಹುಳ. ನಮ್ಮ ತವರು ಮುಳಬಾಗಿಲಿನ ಹತ್ತಿರದ ಹಳ್ಳಿ, ರೇಷ್ಮೆಹುಳ ಸಾಕುವ ಮನೆ. ಹುಳ ಮೇವು ಬಿಟ್ಟು ತಲೆಯೆತ್ತಿ ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಹಾಕಿದರೂ ಸಾಲದು. ಆ ಒಂದು ವಾರ ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಕೊಯ್ಯುವುದು. ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇಲ್ಲ, ಎಲ್ಲರ ಕಣ್ಣೂ ಕೆಂಪು, ಎಲ್ಲರ ಮೂಗಿನ ತುದಿಯಲ್ಲೂ ಸಿಟ್ಟು. ಅಪ್ಪ ಸುಮ್ಮಸುಮ್ಮನೆ ರೇಗುತ್ತಿದ್ದರು, ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿ ತಾನೇ ಬಿದ್ದೂಬಿದ್ದು ನಗುತ್ತಿದ್ದಳು. ಅಂಥ ವಾರದಲ್ಲಿ ಒಬ್ಬಳು ನಿದ್ದೆ ಬಿಟ್ಟರೆ ಯಾರಿಗೆ ತಾನೆ ಅನುಮಾನ ಬರುತ್ತದೆ?

ಅಕ್ಕ ಆ ಸಲ ಮೂರು ಜನರ ಸೊಪ್ಪು ಒಬ್ಬಳೇ ಹೊತ್ತಳು. ಕೆಲಸದ ನಡುವೆ ದನದ ಕೊಟ್ಟಿಗೆಗೆ ಸುಣ್ಣ ಹೊಡೆದಳು. ಬಾಯಿಗೆ ಬಿಡುವಿಲ್ಲ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹಾರಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ವಿಷಯವೇ ಬೇರೆಯಾಗಿರುತ್ತಿತ್ತು. "ಚಾಲು, ಇಂಕ ಪಡುಕೋವೇ," ಸಾಕು ಇನ್ನು ಮಲಗೇ ಎಂದು ಅಮ್ಮ ತೆಲುಗಿನಲ್ಲಿ ಗದರಿದರೆ, "ನಂಗೆ ಸುಸ್ತೇ ಆಗ್ತಿಲ್ಲ ಕಣಮ್ಮ," ಎಂದು ನಗುತ್ತಿದ್ದಳು. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. "ನೋಡ್ಕೊಂಡು ಕಲ್ತ್ಕೊಳ್ಳೇ ಸೋಮಾರಿ," ಎಂದು ನನಗೆ ಬೈದರು. ನಾನು ಹೊಟ್ಟೆಕಿಚ್ಚು ಪಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹುಳ ಹಣ್ಣಾಯಿತು. ಆರಿಸಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗಳ ಮೇಲೆ ಬಿಟ್ಟೆವು. ಇನ್ನು ಅವು ತಿನ್ನುವುದಿಲ್ಲ, ಗೂಡು ಕಟ್ಟಿಕೊಳ್ಳುತ್ತವೆ. ನಾವು ಕೈಕಾಲು ಕೂಡ ತೊಳೆಯದೆ ಬಿದ್ದಲ್ಲೇ ಮಲಗಿಬಿಟ್ಟೆವು. ನಾನು ಎದ್ದಾಗ ಮಾರನೆಯ ದಿನದ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ, ನನ್ನ ಎದೆಯ ಮಟ್ಟಕ್ಕೆ. ಅಕ್ಕ ಅದರ ಪಕ್ಕ ನಿಂತು ಇನ್ನೊಂದು ಹೊರೆ ಇಳಿಸುತ್ತಿದ್ದಳು. ಅಂಗೈ ಕುಯ್ದು ರಕ್ತ ಬರುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಅರ್ಧ ತೋಟ ಬೋಳಾಗಿತ್ತು.

"ಹುಳ ಗೂಡಿಗೆ ಬಿಟ್ಟಾಯ್ತಲ್ಲಕ್ಕ, ಸೊಪ್ಪು ಯಾಕೆ?" ಎಂದೆ.

"ಬರ್ತವೆ ಕಣೇ, ಇನ್ನೂ ಬರ್ತವೆ. ತಾಲ್ಲೂಕಿನ ಹುಳ ಎಲ್ಲಾ ನಮ್ಮನೇಗೇ ಬರ್ತವೆ. ಎಲ್ಲರ್ಗೂ ಹೇಳಿ ಕಳ್ಸಿದೀನಿ," ಎಂದಳು. ಅವಳ ಕಣ್ಣು ನನ್ನ ಮೇಲೇ ಇತ್ತು, ಆದರೆ ನಾನು ಎದುರಿಗಿದ್ದೇನೆ ಎಂದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಆವತ್ತು ಹುಟ್ಟಿದ ಹೆದರಿಕೆ ಇನ್ನೂ ಹೋಗಿಲ್ಲ.

ಹತ್ತು ಹನ್ನೆರಡು ದಿನ ಹಾಗೇ ನಡೆಯಿತು. ತಿಂಗಳು ಕಳೆಯುವಷ್ಟರಲ್ಲಿ ಅದೇ ಅಕ್ಕ ಗೋಡೆಗೆ ಮುಖಮಾಡಿ ಮಲಗಿದಳು, ತಲೆ ಬಾಚಿಕೊಳ್ಳಲೂ ಏಳಲಿಲ್ಲ. ದಣಿದಿದ್ದಾಳೆ ಎಂದರು ಕೆಲವರು, ದೃಷ್ಟಿ ಎಂದರು ಹಲವರು. ತಾಯತ ಕಟ್ಟಿಸಿದೆವು, ನಿಂಬೆಹಣ್ಣು ನಿವಾಳಿಸಿದೆವು. ಹಾಗೆಯೇ ಇನ್ನೊಂದು ಸಲ ಹುರುಪು ಏರಿ ಇನ್ನೊಂದು ಸಲ ಇಳಿದ ಮೇಲೆ ಕೋಲಾರದ ಡಾಕ್ಟರೊಬ್ಬರು ಕಾಯಿಲೆಗೆ ಹೆಸರು ಹೇಳಿ ಮಾತ್ರೆ ಕೊಟ್ಟರು.

ಈಗ ನನ್ನ ಮಗಳು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಎಂದು ಹತ್ತು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಕುಣಿತ, ಸಂಜೆ ಫೋನಿನಲ್ಲಿ ಹರಟೆ. ಅದು ಮುಗಿಯುತ್ತಿದ್ದಂತೆ ಒಂದು ವಿಷಯದಲ್ಲಿ ಫೇಲಾದ ಸುದ್ದಿ ಬಂತು, ಎರಡು ದಿನ ಮುಸುಕು ಹಾಕಿ ಮಲಗಿದಳು. ಮೂರನೆಯ ದಿನ ಗೆಳತಿ ಬಂದು ಕರೆದದ್ದೇ ತಡ, ಗೋಬಿ ತಿನ್ನಲು ಹೊರಟಳು. "ಆ ವಯಸ್ಸೇ ಅಂಥದ್ದು ಬಿಡೇ," ಎಂದರು ನನ್ನ ಗಂಡ. ಅವರಿಗೇನು, ಅವರು ಸೊಪ್ಪಿನ ರಾಶಿ ನೋಡಿದವರಲ್ಲ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆಯತೊಡಗಿದೆ: ಎಷ್ಟು ಹೊತ್ತು ಮಲಗಿದಳು, ಯಾವಾಗ ಅತ್ತಳು, ಯಾವಾಗ ಹಾಡಿದಳು.

ಒಂದು ದಿನ ಹಬ್ಬದ ರಜೆ ನೋಡಲು ಹೋದ ಅವಳ ಕಣ್ಣಿಗೆ ಅದು ಬಿತ್ತು.

"ಏನಮ್ಮ ಇದು? ಸೋಮವಾರ ಬಾಗಿಲು ಬಡಿದಳು, ಮಂಗಳವಾರ ಹಾಡು! ನಾನೇನು ನಿಮ್ಮೂರಿನ ಹುಳಾನಾ, ಹೊತ್ತುಹೊತ್ತಿಗೆ ಬಂದು ನೋಡಕ್ಕೆ?"

ಅವಳಿಗೆ ದೊಡ್ಡಮ್ಮನ ಕಾಯಿಲೆಯ ವಿಷಯ ಗೊತ್ತು. ನಾನು ಯಾಕೆ ಬರೆಯುತ್ತಿದ್ದೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಮೂರು ದಿನ ನನ್ನ ಜತೆ ಮಾತು ಬಿಟ್ಟಳು. ಅದನ್ನೂ ಬರೆದೆ.

ಕೊನೆಗೆ ರಜೆ ಹಾಕಿ, ಯಾರಿಗೂ ಹೇಳದೆ, ಕ್ಯಾಲೆಂಡರನ್ನು ಸುತ್ತಿ ಚೀಲಕ್ಕೆ ತುರುಕಿಕೊಂಡು ಕೋಲಾರದ ಮನೋವೈದ್ಯರೊಬ್ಬರ ಬಳಿ ಹೋದೆ. ಡಾಕ್ಟರು ಎಳೆ ವಯಸ್ಸಿನವರು, ಅದಕ್ಕೂ ನನಗೆ ಸಿಟ್ಟು. ಅವರು ತಾಳ್ಮೆಯಿಂದ ಓದಿ ಒಂದೊಂದೇ ಕೇಳಿದರು. ಬೇಜಾರಿಗೆ ಕಾರಣವಿತ್ತೇ? ಆ ಕಾರಣ ಹಳತಾದಂತೆ ಬೇಜಾರೂ ಇಳಿಯಿತೇ? ನಿದ್ದೆಗೆಟ್ಟ ಮಾರನೆಯ ದಿನ ತೂಕಡಿಸುತ್ತಾಳೋ, ಇನ್ನೂ ಚುರುಕಾಗಿರುತ್ತಾಳೋ? ಇವಳು ಮೊದಲಿನ ಹುಡುಗಿಯೇ ಅಲ್ಲ ಎಂದು ಬೇರೆ ಯಾರಾದರೂ ಅಂದರೇ?

"ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಎಲ್ಲರೂ ಇರ್ತಾರಮ್ಮ," ಎಂದರು. "ಆ ಕಾಯಿಲೇಲಿ ಏರಿದ್ದು ದಿನಗಟ್ಟಲೆ ಇಳಿಯಲ್ಲ, ವಾರಾನೂ ಆಗ್ಬಹುದು. ನಿದ್ದೆ ಇಲ್ದಿದ್ರೂ ಸುಸ್ತಾಗಲ್ಲ. ಓದು, ಕೆಲಸ ಎಲ್ಲಾ ಕೆಡುತ್ತೆ. ಇಳಿದ್ರೆ ವಾರಗಟ್ಟಲೆ ಏಳಲ್ಲ. ಇದನ್ನ ನೋಡಿದ್ರೆ ನಂಗೆ ಹಂಗನ್ಸಲ್ಲ. ಆದ್ರೆ ಕ್ಯಾಲೆಂಡರ್ ನೋಡಿ ಕಾಯಿಲೆ ಹೇಳಕ್ಕಾಗಲ್ಲ. ಮಗಳಿಗೆ ಇಷ್ಟ ಇದ್ರೆ ಅವರೇ ಬರ್ಲಿ."

"ವಂಶದಲ್ಲಿ ಇದೆಯಲ್ಲ ಡಾಕ್ಟ್ರೇ?"

"ಇದ್ರೆ ಸಾಧ್ಯತೆ ಸ್ವಲ್ಪ ಹೆಚ್ಚು. ಹಂಗಿದ್ರೂ ಹೆಚ್ಚಿನವರಿಗೆ ಬರಲ್ಲ."

ಅವರು ಹೇಳಿದ ಎರಡು ಮಾತಿನಲ್ಲಿ ನನ್ನ ಕಿವಿಗೆ ಇಳಿದದ್ದು ಮೊದಲನೆಯದು ಮಾತ್ರ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಇದನ್ನು ಒಳಗಿನಿಂದ ಕಂಡವಳು ಅಕ್ಕ ಒಬ್ಬಳೇ. ಅವಳು ನೋಡಿ ಹೇಳಿದರೆ ನಂಬುತ್ತೇನೆ.

ಅಕ್ಕ ಮದುವೆಯಾಗಿ ಶ್ರೀನಿವಾಸಪುರದಲ್ಲಿದ್ದಾಳೆ. ದಿನಾ ತಪ್ಪದೆ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ನಡುವೆ ಎರಡು ಸಲ ಆಸ್ಪತ್ರೆ ಸೇರಿದ್ದಳು. ಆದರೆ ಅವಳು ಹೊಲಿದ ರವಿಕೆ ಹಾಕಿಕೊಂಡವರು ಬೇರೆ ಕಡೆ ಹೋಗುವುದಿಲ್ಲ. ಭಾನುವಾರ ಮಾವಿನಹಣ್ಣಿನ ನೆಪ ಹೇಳಿ ಮಗಳನ್ನು ಕರೆದುಕೊಂಡು ಹೋದೆ. ಅವಳಿಗೂ ದೊಡ್ಡಮ್ಮನೆಂದರೆ ಪ್ರಾಣ. ಇಬ್ಬರೂ ಹಣ್ಣು ಹೀರುತ್ತಾ ಮನೆ ಹಾರಿಹೋಗುವಂತೆ ನಕ್ಕರು. ನಾನು ಗಡಿಯಾರ ನೋಡುತ್ತಾ ಕೂತೆ. ಊಟವಾದ ಮೇಲೆ ಮಗಳು ಬಟ್ಟೆ ಚೂರುಗಳ ನಡುವೆಯೇ ಚಾಪೆ ಎಳೆದುಕೊಂಡು ಮಲಗಿ, ಬಾಯಿ ತೆರೆದುಕೊಂಡೇ ನಿದ್ದೆಹೋದಳು.

ನಾನು ಎಲ್ಲವನ್ನೂ ಹೇಳಿಕೊಂಡೆ. ಅಕ್ಕ ಮೆಷಿನ್ ತುಳಿಯುತ್ತಲೇ ಕೇಳಿದಳು.

"ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ ನೋಡೇ," ಎಂದಳು. "ಆವಾಗ ನಂಗೆ ಹತ್ತಿತ್ತಾ? ನೀವೆಲ್ಲ ಸತ್ತೋರಂಗೆ ಬಿದ್ಕೊಂಡಿದ್ರಿ. ನಾನು ಒಬ್ಬೊಬ್ರ ಮುಖಾನೂ ನೋಡ್ದೆ, ಇವರಿಗೆಲ್ಲ ಏನೋ ಆಗಿದೆ ಅಂದ್ಕೊಂಡೆ. ನಂಗೇ ಆಗಿದೆ ಅಂತ ಹೊಳೀಲೇ ಇಲ್ಲ."

"ಹಂಗಾದ್ರೆ ಇವಳಿಗಿಲ್ಲ ಅಂತ ಹೇಳಕ್ಕ."

"ಇವತ್ತು ಇಲ್ಲ. ನಾಳೇದು ನಂಗೇನು ಗೊತ್ತೇ?"

ಅಷ್ಟು ಕೇಳಿದ್ದೇ ನನ್ನ ಅಳು ಒಡೆಯಿತು. "ಇವಳೊಬ್ಳು ನಿನ್ನಂಗಾಗ್ಬಾರ್ದು ಕಣಕ್ಕ, ನನ್ ಕೈಲಿ ತಡ್ಕೊಳಕ್ಕಾಗಲ್ಲ," ಎಂದುಬಿಟ್ಟೆ.

ಮೆಷಿನ್ ನಿಂತಿತು. ಅಕ್ಕ ಸೂಜಿಯ ಕೆಳಗಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡಳು.

"ನಾನು ಹೆಂಗಾಗಿದೀನೇ?" ಎಂದಳು.

ಮೂವತ್ತು ವರ್ಷ ಮಾತ್ರೆ ನುಂಗಿ, ಬಿದ್ದು, ಎದ್ದು, ಸಂಸಾರ ಮಾಡಿದವಳ ಎದುರಿಗೆ ಕೂತು, ಅವಳು ಹೊಲಿದ ರವಿಕೆಯನ್ನೇ ತೊಟ್ಟುಕೊಂಡು, ಅಂಥ ಮಾತು ಆಡಿದ್ದೆ. ತಿರುಗಿ ನೋಡಿದರೆ ಮಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಎಷ್ಟು ಹೊತ್ತಿನಿಂದಲೋ ಕಾಣೆ.

ಅವಳು ಎದ್ದು ಬಂದು ಅಕ್ಕನ ಪಕ್ಕ ಕೂತಳು. "ದೊಡ್ಡಮ್ಮ, ಅದು ಬರೋದಿದ್ರೆ ಮೊದ್ಲು ಹೆಂಗನ್ಸುತ್ತೆ?"

ಅಕ್ಕ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಮಗಳು ಪಾಠ ಕೇಳುವವಳ ಹಾಗೆ ಕೇಳಿದಳು. ನಾನು ಆ ಕಾಯಿಲೆಯ ಬಗ್ಗೆ ಅವಳ ಜತೆ ಹಾಗೆ ಒಂದು ದಿನವೂ ಮಾತಾಡಿರಲಿಲ್ಲ.

"ನಂಗೆ ಹಂಗೇನಾದ್ರೂ ಅನ್ಸಿದ್ರೆ ನಿಂಗೆ ಫೋನ್ ಮಾಡ್ತೀನಿ," ಎಂದಳು.

"ನಂಗ್ಯಾಕೇ, ನಿಮ್ಮಮ್ಮ ಜತೇಲೇ ಇರ್ತಾಳಲ್ಲ."

"ಅಮ್ಮಂಗೆ ಹೇಳಿದ್ರೆ ಮೊದ್ಲು ಅವಳನ್ನ ಸಮಾಧಾನ ಮಾಡ್ಬೇಕು ದೊಡ್ಡಮ್ಮ. ಆವಾಗ ನನ್ ಕೈಲಿ ಅದಾಗುತ್ತಾ?"

ನಾನು ಎರಡು ಮಾರು ದೂರದಲ್ಲಿದ್ದೆ. ಅವಳು ದನಿ ತಗ್ಗಿಸಲೂ ಇಲ್ಲ, ನನ್ನನ್ನು ನೋಯಿಸಲೆಂದೂ ಹೇಳಲಿಲ್ಲ. ಮೊದಲು ನನಗೇ ತಿಳಿಯಬೇಕು ಎಂದು ಇಷ್ಟು ದಿನ ಕಾವಲು ಕೂತಿದ್ದೆ. ಆ ಕಾಯಿಲೆ ಬಂದೇ ಬಂದರೆ, ಎಲ್ಲರಿಗಿಂತ ಕಡೆಯಲ್ಲಿ ತಿಳಿಯುವುದು ನನಗೆ.