ಚಾಚಾ ಕೊಯ್ದ ಗಾಲ್ಫ್ ಕೋಲು

ದುಬಾರಿ ಸಾಮಾನೊಂದು ಕೈಗೆ ಬಂದ ಕೂಡಲೇ ನಾನೂ ದೊಡ್ಡ ಆಟಗಾರನಾದೆ ಅಂದುಕೊಂಡು, ನಾಲ್ಕು ಜನರ ಮುಂದೆ ಮರ್ಯಾದೆ ಕಳಕೊಂಡದ್ದು ನಿಮಗೂ ಆಗಿದೆಯಾ? ನನಗೆ ಆಗಿದೆ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರ ಬಗ್ಗೆ ಬರೆಯುತ್ತಿದ್ದೇನೆ.

ಅವರ ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು. ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಮಾಡುವಾಗ ಯಾವ ಕಾಲದಲ್ಲೋ ಬಿದ್ದ ಸುತ್ತಿಗೆ ಏಟು. ಆ ಬೆರಳನ್ನು ಕಬ್ಬಿಣದ ಮೇಲೆ ಒಮ್ಮೆ ಆಡಿಸಿ ಎಲ್ಲಿ ಸೊಟ್ಟಗಿದೆ ಎಂದು ಹೇಳಿಬಿಡುತ್ತಿದ್ದರು. ದಾಂಡೇಲಿಯಲ್ಲಿ ನಮಗೆಲ್ಲ ಅವರು ಚಾಚಾ.

ಅಂಬೇವಾಡಿ ದಾಟಿದರೆ ಒಂದು ಬಯಲಿದೆ. ಹತ್ತಿಪ್ಪತ್ತು ಜನ ಅಲ್ಲಿ ಭಾನುವಾರ ಗಾಲ್ಫ್ ಆಡುತ್ತೇವೆ. ಟಿವಿಯಲ್ಲಿ ಕಾಣುವ ಹಸಿರು ಹಾಸನ್ನು ನೆನೆಸಿಕೊಳ್ಳಬೇಡಿ. ನಮ್ಮಲ್ಲಿ ಕುಳಿಯ ಸುತ್ತ ಇರುವುದು ಗ್ಯಾರೇಜಿನ ಹಳೆ ಎಣ್ಣೆ ಕಲಸಿದ ಮರಳು. ಅದನ್ನು ಹದ ಮಾಡಿ ಹಾಕುವವರು, ಮುರಿದ ಕೋಲು ಜೋಡಿಸುವವರು ಚಾಚಾ.

ಈ ಬಯಲಿಗೊಂದು ಕಾಯಿದೆ ಇದೆ. ಎಲ್ಲರ ಎದುರು ನಿಂತು, ಮೂರು ಹೊಡೆತದಲ್ಲಿ ಒಮ್ಮೆಯಾದರೂ ಚೆಂಡನ್ನು ಬಯಲಿನ ನಡುವಿನ ಹಳ್ಳ ದಾಟಿಸಿದವರಿಗೆ ಮಾತ್ರ ಹಳಿಯಾಳದವರ ಜೊತೆಗಿನ ವರ್ಷದ ಪಂದ್ಯದಲ್ಲಿ ಜಾಗ. ಹಿಂದೊಮ್ಮೆ ಹಳ್ಳದಲ್ಲಿ ಚೆಂಡು ಹುಡುಕುತ್ತಲೇ ಸಂಜೆಯಾಗಿ ಪಂದ್ಯ ನಿಂತುಹೋಗಿತ್ತಂತೆ, ಅದಕ್ಕೇ. ಆರು ವರ್ಷ ನನ್ನ ಚೆಂಡು ಹಳ್ಳಕ್ಕೇ ಬಿತ್ತು. ಆರು ವರ್ಷ ನಾನು ಪಂದ್ಯದ ದಿನ ಅಂಕ ಬರೆದು ಅವಲಕ್ಕಿ ಹಂಚಿದೆ.

ಐವತ್ತು ತುಂಬಿದ ಮೇಲೆ ತಡೆಯಲಾಗಲಿಲ್ಲ. ಆನ್‌ಲೈನಿನಲ್ಲಿ ಹೊಸ ಡ್ರೈವರ್ ತರಿಸಿದೆ. ದೂರ ಹೊಡೆಯುವ ಕೋಲಿಗೆ ಆ ಹೆಸರು. ಕೋಲು ಉದ್ದವಾದಷ್ಟೂ ಹೊಡೆತ ದೂರ ಎಂಬ ಹುಂಬತನದಲ್ಲಿ ಇದ್ದುದರಲ್ಲೇ ಉದ್ದನೆಯದನ್ನು ಆರಿಸಿದ್ದೆ. ಭಾನುವಾರ ಎಲ್ಲರನ್ನೂ ಕರೆದು ಬೀಸಿದೆ. ಚೆಂಡು ಅಡ್ಡ ಹಾರಿ ಬಿದಿರು ಮೆಳೆಯೊಳಗೆ ಹೋಯಿತು. ಎರಡನೆಯದು ಇನ್ನೂ ಆಚೆ.

"ಖರೇ ಹೇಳಬೇಕಂದ್ರ ಮೆಡಿಕಲ್ ಸಾಹೇಬ್ರ," ಅಂದರು ಚಾಚಾ, ಎಲ್ಲರಿಗಿಂತ ಜೋರಾಗಿ ನಕ್ಕು. ನನ್ನದು ಔಷಧಿ ಅಂಗಡಿ. "ಮೊದಲ ಹಳ್ಳಕ್ಕ ಬೀಳತಿತ್ತು, ಈಗ ಅಡವಿ ಒಳಗ ಹೊಂಟೈತಿ. ದೂರ ಅಂತೂ ಹೋಗಾಕತ್ತೈತಿ."

"ಕೋಲೇ ಮೋಸ ಐತಿ ಚಾಚಾ. ವಾಪಸ್ ಕಳಸ್ತೇನಿ."

"ತಡೀರಿ. ಹಳೇದು, ಹೊಸಾದು ಎರಡೂ ಕೊಡ್ರಿ ಇಲ್ಲೆ."

ಎಪ್ಪತ್ತರ ಹತ್ತಿರದ ಮನುಷ್ಯ ಬಯಲಿನ ಕಡೆ ತಿರುಗಿ ಎರಡರಿಂದಲೂ ಹೊಡೆದರು. ಹೊಸದರ ಚೆಂಡು ಇಪ್ಪತ್ತು ಹೆಜ್ಜೆ ಮುಂದೆ ಬಿದ್ದಿತ್ತು. ಹಳೆಯದೇ ಚೆನ್ನ ಅನ್ನುತ್ತಾರೆ ಅಂತ ಕಾಯುತ್ತಿದ್ದೆ.

"ಸುಳ್ಳ ಯಾಕ ಹೇಳ್ಲಿ, ಹೊಸಾದು ಚಲೋ ಮಾಲ್ ಐತ್ರಿ. ನಾಳೆ ನಿಮ್ಮ ಅಂಗಡ್ಯಾಗಿನ ಬೆವರುಸಾಲಿ ಪೌಡರ್ ಒಂದ ಡಬ್ಬಿ ತರ್ರಿ."

ಮರುದಿನ ಸಂಜೆ ಕೋಲಿನ ತಲೆಗೆ ಪೌಡರ್ ಬಳಿದು ನನ್ನಿಂದ ಹತ್ತು ಚೆಂಡು ಹೊಡೆಸಿದರು. ಚೆಂಡು ತಗುಲಿದಲ್ಲೆಲ್ಲ ಗುರುತು ಬಿತ್ತು. ಒಂದೂ ಮಧ್ಯದಲ್ಲಿರಲಿಲ್ಲ.

"ತಾಕತ್ತು ನಡುವ ಐತಿ, ನೀವು ಕಿವಿಗೆ ಬಡಿಯಾಕತ್ತೀರಿ. ನಿಮಗ ಇದು ಉದ್ದ ಆತು. ಹಿಡಿಕಿ ಕಡೆ ಎರಡ ಬೆರಳಷ್ಟ ಕೊಯ್ಯೂಣು." ಗರಗಸ ಕೈಯಲ್ಲೇ ಇತ್ತು.

"ಕೊಯ್ದ್ರ ವಾಪಸ್ ತಗೊಳ್ಳಂಗಿಲ್ಲ ಚಾಚಾ."

"ಅದಕ್ಕ ಕೇಳಾಕತ್ತೇನಿ. ನಿಮಗ ಕೋಲು ಉಳೀಬೇಕೋ, ಹಳ್ಳ ದಾಟಬೇಕೋ?"

ನಾನು ಆ ಕಡೆ ಮುಖ ತಿರುಗಿಸಿ ಹೂಂ ಅಂದೆ. ಗರಗಸದ ಸದ್ದಿಗೆ ಹಲ್ಲು ಜುಮ್ಮೆಂದಿತು.

ಒಂದು ತಿಂಗಳು ದಿನಾ ಸಂಜೆ ಪೌಡರ್ ಬಳಿದು ಹೊಡೆದೆವು. ಮೂರು ಡಬ್ಬಿ ಖಾಲಿಯಾದಾಗ ನನ್ನ ಹೆಂಡತಿ ಕೇಳಿದಳು, "ಆ ಬಯಲಾಗ ಯಾರಿಗ್ರಿ ಅಷ್ಟ ಬೆವರುಸಾಲಿ?"

ಪರೀಕ್ಷೆಯ ದಿನ ಮೊದಲ ಚೆಂಡು ಸೀದಾ ಹಳ್ಳಕ್ಕೆ. ಎರಡನೆಯದು ಆಚೆ ದಡಕ್ಕೆ ಬಡಿದು ಉರುಳಿ ನೀರಿಗೇ ಬಂತು. ಅವಲಕ್ಕಿ ತಟ್ಟೆಗಳು ಕಣ್ಮುಂದೆ ಬಂದವು. ಚಾಚಾ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಹಳ್ಳ ನೋಡಬ್ಯಾಡ್ರಿ. ಕೋಲಿಗೆ ಪೌಡರ್ ಐತಿ ಅಂತ ತಿಳ್ಕೊಂಡು ನಡುವ ಬಡೀರಿ."

ಮೂರನೆಯದು ದಾಟಿತು. ಚಾಚಾ ಹಳ್ಳ ಇಳಿದು ಹತ್ತಿ, ತಾವೇ ಹೆಜ್ಜೆ ಹಾಕಿ ಅಳೆದು ಕೂಗಿದರು. "ದಂಡಿಯಿಂದ ನಾಕ ಹೆಜ್ಜಿ ಆಚೆ ಐತ್ರಿ. ಸಾಕು, ಹಳ್ಳ ಏನ್ ನಲವತ್ತ ಹೆಜ್ಜಿ ಕೇಳಂಗಿಲ್ಲ."

ಪಂದ್ಯದಲ್ಲಿ ಹಳಿಯಾಳದ ಒಬ್ಬ ಬ್ಯಾಂಕ್ ಮ್ಯಾನೇಜರ್ ನನ್ನನ್ನು ತೊಳೆದು ಒಣಹಾಕಿದರು. ಮುಖ ಸಣ್ಣದು ಮಾಡಿಕೊಂಡು ಬಂದು, "ಸೋತೆ ಚಾಚಾ" ಅಂದೆ.

"ಸೋತ್ರಿ ಅಂದ್ರ ಆಡಿದ್ರಿ ಅಂತಾತಲ್ರಿ. ಆರು ವರ್ಷ ನಿಮಗ ಸೋಲಾಕೂ ಜಾಗ ಇರಲಿಲ್ಲ."

ಹೋದ ವರ್ಷ ಮಳೆ ಹಿಡಿಯುವ ಮೊದಲೇ ಚಾಚಾ ತೀರಿಕೊಂಡರು. ನಾನೀಗಲೂ ಪ್ರತಿ ವರ್ಷ ಹಳಿಯಾಳದವರ ಕೈಲಿ ಸೋಲುತ್ತಿದ್ದೇನೆ, ಖುಷಿಯಿಂದ. ಹೊಸ ಸಾಮಾನು ನಮ್ಮಂಥವರ ಚೆಂಡನ್ನೂ ದೂರ ಕಳಿಸುತ್ತದಾ ಅಂತ ಕೇಳಿದರೆ ಹೌದು ಎಂದೇ ಹೇಳುತ್ತೇನೆ. ಅದನ್ನು ನಮ್ಮ ಅಳತೆಗೆ ಕೊಯ್ದು ಕೊಡುವವರು ಸಿಗಬೇಕು, ಅಷ್ಟೆ. ನಿಮಗೆ ಅಂಥವರು ಸಿಕ್ಕಿದ್ದರೆ ಅವರ ಕಥೆ ಕೆಳಗೆ ಬರೆಯಿರಿ. ಅವರು ನಿಮ್ಮನ್ನು ಬೈದ ಮಾತುಗಳನ್ನೂ ಬಿಡಬೇಡಿ.