ಓಮಾಳ ಅಪಘಾತವಿಲ್ಲದ ವರ್ಷಗಳು

ನಮ್ಮ ಹೆರ್ನೆ ಊರಿನ ಅತಿ ವೇಗದ ಕಾರುಗಳೆಲ್ಲ ಅಜ್ಜಿಯರ, ಇಲ್ಲಿನ ಮಾತಿನಲ್ಲಿ ಓಮಾಗಳ, ಹೆಸರಿನಲ್ಲಿವೆ. ನಂಬಿಕೆ ಬಾರದಿದ್ದರೆ ವಾಹನ ನೋಂದಣಿ ಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಮೊಣಕಾಲು ನೋವಿನ ಮುದುಕಿಯರು ಮೊಮ್ಮಕ್ಕಳ ತೋಳು ಹಿಡಿದು ಒಳಗೆ ಹೋಗುತ್ತಾರೆ, ಹೊರಗೆ ಬರುವಾಗ ಐನೂರು ಕುದುರೆಗಳ ಒಡತಿಯರಾಗಿರುತ್ತಾರೆ. ಅಪಘಾತ ಮಾಡದೆ ಕಳೆದ ಪ್ರತಿಯೊಂದು ವರ್ಷಕ್ಕೂ ವಿಮೆಯವರು ಕಂತಿನಲ್ಲಿ ಒಂದಿಷ್ಟು ಬಿಡುತ್ತಾರೆ. ಇಪ್ಪತ್ತೆರಡರ ಹುಡುಗನ ಹತ್ತಿರ ಅಂಥ ವರ್ಷಗಳು ಎಲ್ಲಿಂದ ಬರಬೇಕು? ಅಜ್ಜಿಯ ಹತ್ತಿರ ಇರುತ್ತವೆ, ಅಟ್ಟದ ಮೇಲಿನ ಹಳೆಯ ಪಾತ್ರೆಗಳ ಹಾಗೆ, ಬಳಸುವವರಿಲ್ಲದೆ. ಅವನ್ನು ಇಳಿಸಿ ಮೊಮ್ಮಗನಿಗೆ ಕೊಡುವುದನ್ನು ಇಲ್ಲಿ ಯಾರೂ ಮೋಸ ಎನ್ನುವುದಿಲ್ಲ. ಪ್ರೀತಿ ಎನ್ನುತ್ತಾರೆ.

ಎಲ್ಫ್ರೀಡೆ ಸೊಬೊಟ್ಟಾ ಕೂಡ ಹಾಗೆಯೇ ಅಂದುಕೊಂಡಿದ್ದಳು.

ಗಂಡ ಗಣಿಯ ಧೂಳು ಕುಡಿದು ಸತ್ತವನು. ಅವಳು ಮೂರು ಶಾಲೆಗಳ ನೆಲ ಒರೆಸಿದವಳು. ಮಕ್ಕಳು ಬರುವ ಮೊದಲೇ ಮೂರೂ ಕಡೆ ಕೆಲಸ ಮುಗಿಯಬೇಕು, ಹಾಗಾಗಿ ನಸುಕಿನ ಮಂಜಿನಲ್ಲಿ, ಹೆಪ್ಪುಗಟ್ಟಿದ ರಸ್ತೆಯಲ್ಲಿ, ಬಕೆಟ್ಟು ಪೊರಕೆಗಳನ್ನು ಹಿಂದೆ ತುಂಬಿಕೊಂಡು ತನ್ನ ಪುಟ್ಟ ಕಾರಿನಲ್ಲಿ ಓಡಾಡಿದಳು. ಒಂದು ಬೆಕ್ಕನ್ನೂ ತಾಕಿಸಲಿಲ್ಲ. ಒಳ್ಳೆಯ ಚಾಲಕಿ ಎಂದು ಊರಿನ ಸಂಚಾರ ಸಂಘದವರು ಅವಳಿಗೆ ಚಿನ್ನದ ಬಣ್ಣದ ಬಿಲ್ಲೆ ಕೊಟ್ಟಿದ್ದರು. ಭಾನುವಾರ ಚರ್ಚಿಗೆ ಹೋಗುವಾಗ ಅದು ಅವಳ ಕೋಟಿನ ಮೇಲೆ ಇರುತ್ತಿತ್ತು. ಬೇರೆ ಒಡವೆ ಅವಳಿಗೆ ಇರಲೂ ಇಲ್ಲ.

ಮೊಮ್ಮಗ ಟಿಮೊ ಪಾರ್ಸೆಲ್ ಗೋದಾಮಿನಲ್ಲಿ ಪಾಳಿ ಕೆಲಸ ಮಾಡುವವನು. ಕೆಟ್ಟವನಲ್ಲ. ಹಿಮ ಬಿದ್ದರೆ ಅಜ್ಜಿಯ ಮನೆ ಮುಂದೆ ಮೊದಲು ಗುಡಿಸುತ್ತಿದ್ದವನು ಅವನೇ. ಆದರೆ ದಿನವಿಡೀ ಪರರ ಪೆಟ್ಟಿಗೆ ಎತ್ತುವ ಹುಡುಗನಿಗೆ, ತನ್ನನ್ನೂ ಯಾರಾದರೂ ತಿರುಗಿ ನೋಡಲಿ ಎಂಬ ಹಸಿವು ಹುಟ್ಟಿತ್ತು. ಆ ಹಸಿವನ್ನು ಗಾಜಿನ ಮಳಿಗೆಯಲ್ಲಿಟ್ಟು ಮಾರುವವರಿದ್ದಾರಲ್ಲ, ನನ್ನ ಸಿಟ್ಟಿರುವುದು ಅವರ ಮೇಲೆ. ಕಾರಿನ ಹೆಸರು ನಾನು ಬರೆಯುವುದಿಲ್ಲ. ಅವರಿಗೆ ಪುಕ್ಕಟೆ ಜಾಹೀರಾತು ಯಾಕೆ?

ಒಂದು ಭಾನುವಾರ ಕಾಫಿಯ ಹೊತ್ತಿಗೆ ಟಿಮೊ ಫೋನಿನಲ್ಲಿ ಕಾರಿನ ಚಿತ್ರ ತೆರೆದು ಪ್ಲಮ್ ಕೇಕಿನ ತಟ್ಟೆಗೆ ಒರಗಿಸಿಟ್ಟ. ಅವನ ತಾಯಿ, ಎಲ್ಫ್ರೀಡೆಯ ಮಗಳು ಬಿರ್ಗಿಟ್ ಪಕ್ಕದಲ್ಲಿದ್ದಳು. ಎದುರು ಮನೆಯ ಹೋರ್ಸ್ಟ್, ಕೇಕಿನ ವಾಸನೆ ಬಂದರೆ ಬಾಗಿಲು ತಟ್ಟುವ ಮುದುಕ, ಅವನೂ ಬಂದು ಕೂತಿದ್ದ.

"ಓಮಾ, ನೀನು ಬರೀ ಸಹಿ ಹಾಕು. ದುಡ್ಡು ನಂದು."

"ನಿಂದಾ? ನಿನ್ನ ಸಂಬಳಕ್ಕೆ ಅದ್ರ ಒಂದು ಚಕ್ರ ಬರಲ್ಲ ಮಗಾ."

"ಅದಕ್ಕೇ ಮೂರು ದಾರಿ ಇದಾವೆ ಅಂತಿರೋದು. ಕೊಂಡ್ಕೊಳ್ಳೋದು, ಸಾಲದಲ್ಲಿ ತಗೊಳ್ಳೋದು, ಇಲ್ಲಾಂದ್ರೆ ಲೀಸು."

"ಅಪ್ಪನ ಗಣಿ ಪರಿಹಾರದ ದುಡ್ಡು ಬ್ಯಾಂಕಲ್ಲಿ ಕೊಳೀತಾ ಇದೆಯಲ್ಲಮ್ಮಾ," ಎಂದಳು ಬಿರ್ಗಿಟ್. "ಕೊಂಡೇ ಬಿಟ್ರೆ ಯಾರ ಹಂಗೂ ಇರಲ್ಲ."

"ಅದು ನಾನು ಹಾಸಿಗೆ ಹಿಡಿದಾಗ ನನ್ನ ಅಂಡು ತೊಳೆಯೋರಿಗೆ ಕೊಡೋ ದುಡ್ಡು. ನೀನು ತೊಳೀತೀನಿ ಅಂತ ಬರ್ಕೊಡು, ಈಗ್ಲೇ ಕಾರು ಕೊಡಿಸ್ತೀನಿ."

ಬಿರ್ಗಿಟ್ ಕೇಕಿನ ಕಡೆ ನೋಡಿದಳು. ಹೋರ್ಸ್ಟ್ ನಕ್ಕು ಕೆಮ್ಮಿದ.

"ಲೀಸು ಅಂದ್ರೆ ಬಾಡಿಗೆ ಸೂಟು ಹಾಕ್ಕೊಂಡು ಮದುವೆಗೆ ಹೋದಂಗೆ ಕಣೋ ಟಿಮೊ," ಎಂದ. "ಸಾಸೇಜಿನ ಸಾಸಿವೆ ಚೆಲ್ಲುತ್ತೇನೋ ಅಂತ ಇಡೀ ಊಟ ಹೊಟ್ಟೆ ಎಳಕೊಂಡು ಕೂರಬೇಕು."

"ನಿಂಗೆ ಸೂಟಾದ್ರೂ ಇದೆಯಾ ಹೋರ್ಸ್ಟ್?" ಎಂದಳು ಎಲ್ಫ್ರೀಡೆ.

"ಇದೆ, ಹೆಣಕ್ಕೆ ಹಾಕೋಕೆ ಅಂತ ಎತ್ತಿಟ್ಟಿದೀನಿ. ಸ್ವಂತದ್ದು."

ಮಾತು ಆವತ್ತಿಗೆ ನಿಂತಿತು, ಹುಡುಗ ನಿಲ್ಲಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಅಜ್ಜಿಯನ್ನು ಮಳಿಗೆಯ ಬಾಗಿಲಿಗೆ ತಂದು ನಿಲ್ಲಿಸಿದ.

ಅಲ್ಲಿ ಲಿಂಡ್ಲಾರ್ ಎಂಬ ಮಾರಾಟಗಾರ. ಬಿಗಿಯಾದ ಅಂಗಿ, ಸಾಕ್ಸ್ ಇಲ್ಲದ ಬೂಟು. ಮುದುಕಿಗೆ ಕಾಫಿ, ಜೊತೆಗೊಂದು ಬಿಸ್ಕತ್ತು ಕೊಟ್ಟು ಕೂರಿಸಿದ. ಎಲ್ಲ ಮಾತೂ ಟಿಮೊ ಜೊತೆ. ಸಹಿಯ ಹೊತ್ತು ಬಂದಾಗ ಮಾತ್ರ ಕುರ್ಚಿ ಅವಳ ಕಡೆ ತಿರುಗಿತು.

"ನೋಡಿ ಫ್ರೌ ಸೊಬೊಟ್ಟಾ, ಕೊಂಡ್ರೆ ನಿಮ್ಮ ಗಂಟು ಒಂದೇ ಸಲ ಸಿಕ್ಕಾಕ್ಕೊಳ್ಳುತ್ತೆ. ಸಾಲಕ್ಕೆ ಹೋದ್ರೆ ಕಂತೆಲ್ಲ ಇರುವೆ, ಕೊನೇ ಕಂತು ಮಾತ್ರ ಆನೆ. ಲೀಸಿಗೆ ತಗೊಳ್ಳಿ, ಮೂರು ವರ್ಷ ಓಡ್ಸಿ, ಬೀಗದ ಕೈ ಈ ಮೇಜಿನ ಮೇಲಿಡಿ, ಹೊರಡಿ."

"ಹೊರಡೋವಾಗ ನಮ್ಮ ಕೈಲಿ ಏನಿರುತ್ತೆ?"

"ಅನುಭವ," ಎಂದ ಲಿಂಡ್ಲಾರ್.

ಅವಳಿಗೆ ಹಿಡಿಸಿದ್ದು ಬೇರೆ ವಿಷಯ. ಮೂರು ವರ್ಷಕ್ಕೆ ಕಾರು ವಾಪಸ್ಸು ಹೋಗುತ್ತದಲ್ಲ, ಅದರ ಜೊತೆ ಹುಡುಗನ ಹುಚ್ಚೂ ವಾಪಸ್ಸು ಹೋಗುತ್ತದೆ ಎಂದು ಅವಳ ಲೆಕ್ಕ. ಕಾರ್ನಿವಲ್ಲಿನ ವೇಷವನ್ನು, ಕುಣಿತ ಮುಗಿದು ಉಪವಾಸ ಶುರುವಾಗುವ ಬೂದಿ ಬುಧವಾರ ಕಳಚುವ ಹಾಗೆ. ಕೊಂಡರೆ ಹುಚ್ಚು ಮನೆಯಲ್ಲೇ ಬೇರು ಬಿಡುತ್ತದೆ, ಸಾಲವಾದರೆ ಹುಡುಗನ ಯೌವನ ಬ್ಯಾಂಕಿನ ಪಾಲು. ತಪ್ಪು ಲೆಕ್ಕವಲ್ಲ, ನೋಡಿ. ಮೂರರಲ್ಲಿ ಯಾವುದು ಎಂದು ಎಲ್ಲರೂ ತಲೆ ಕೆಡಿಸಿಕೊಂಡರು. ನಾಲ್ಕನೆಯ ಪ್ರಶ್ನೆಯನ್ನು ಲಿಂಡ್ಲಾರ್ ಪೆನ್ನಿನ ಕ್ಯಾಪು ತೆಗೆಯುತ್ತ ಸುಮ್ಮನೆ ಕೇಳಿದ.

"ವಿಮೆಗೆ ಬರೀಬೇಕು. ಕಾರು ಓಡಿಸೋರು ಯಾರು? ಮೊಮ್ಮಗನ ಹೆಸರು ಸೇರಿಸಿದ್ರೆ ಕಂತು ಎರಡು ಪಟ್ಟಾಗುತ್ತೆ."

ಟಿಮೊ ಅಜ್ಜಿಯ ಮುಖ ನೋಡಿದ.

"ಸೇರಿಸದೇ ಇದ್ರೆ?" ಎಂದಳು ಅಜ್ಜಿ.

"ನೀವೊಬ್ರೇ ಓಡಿಸೋದು ಅಂತ ಹಾಕ್ತೀನಿ. ಎಲ್ರೂ ಹಂಗೇ ಹಾಕ್ಸೋದು."

"ನಾನಾ? ಇದ್ರೊಳಗೆ ಇಳಿದ್ರೆ ಮೇಲೆತ್ತೋಕೆ ಗಣಿಯ ಲಿಫ್ಟೇ ಬೇಕು!"

ಮೂವರೂ ನಕ್ಕರು. ಆ ನಗುವಿನಲ್ಲೇ ಸಹಿ ಬಿತ್ತು.

ಕಾರು ಬಂದ ಮೇಲೆ ಬೀದಿಗೆ ನಿದ್ದೆ ಕಡಿಮೆಯಾಯಿತು. ಹೋರ್ಸ್ಟ್ ಅವಳನ್ನು ಕಂಡಾಗಲೆಲ್ಲ, "ಏನು ಎಲ್ಫ್ರೀಡೆ, ಮತ್ತೆ ರೇಸಿಗೆ ಹೋಗಿದ್ಯಾ?" ಎಂದು ಕಿಚಾಯಿಸುವನು. ಅವಳು, "ಹೂಂ, ಸೂಪು ಆರೋದ್ರೊಳಗೆ ಬಂದೆ," ಎನ್ನುವಳು. ಹುಡುಗ ಖುಷಿಯಾಗಿದ್ದ. ಅವನ ಖುಷಿ ನೋಡಿ ಅವಳೂ ಖುಷಿಯಾಗಿದ್ದಳು, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ.

ಶುಭ ಶುಕ್ರವಾರ ಶಿಲುಬೆಯ ಶೋಕದ ದಿನ, ನಮ್ಮಲ್ಲಿ ಚರ್ಚಿನ ಗಂಟೆ ಬಾರಿಸುವುದಿಲ್ಲ. ಆ ದಿನ ಕುಣಿಯಲು ಕಾನೂನೂ ಬಿಡುವುದಿಲ್ಲ. ಮುದುಕರು ಮೀನು ತಿಂದು ಸುಮ್ಮನಿರುತ್ತಾರೆ. ಕಾರಿನ ಹುಡುಗರು ಅದೇ ದಿನವನ್ನು ತಮ್ಮ ಹಬ್ಬ ಮಾಡಿಕೊಂಡಿದ್ದಾರೆ. ಚಳಿಗಾಲವೆಲ್ಲ ಉಜ್ಜಿ ಹೊಳಪಿಸಿದ ಕಾರುಗಳನ್ನು ಮುಚ್ಚಿಹೋದ ಪೀಠೋಪಕರಣದ ಅಂಗಡಿಯ ಮೈದಾನಕ್ಕೆ ತಂದು, ಎಂಜಿನ್ ಗರ್ಜಿಸಿ, ಆಮೇಲೆ ಕಾಲುವೆ ಪಕ್ಕದ ನೆಟ್ಟನೆಯ ರಸ್ತೆಯಲ್ಲಿ ಇಬ್ಬಿಬ್ಬರಾಗಿ ಪಂದ್ಯಕ್ಕೆ ಇಳಿಯುತ್ತಾರೆ. ಪ್ರತಿ ವರ್ಷ ಪೊಲೀಸರು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ.

ಎಲ್ಫ್ರೀಡೆ ಮೀನು ಹುರಿಯುತ್ತಿದ್ದಾಗ ಕಾರು ಅಂಗಳಕ್ಕೆ ಬಂತು. ಅಡುಗೆಮನೆ ಕಿಟಕಿಯಿಂದ ನೋಡಿದಳು. ಚಾಲಕನ ಸೀಟಿನಿಂದ ಟಿಮೊ ಇಳಿದ. ಒಬ್ಬನೇ. ಮುಂದಿನ ದೀಪ ಒಡೆದಿತ್ತು, ಗಾಜು ಒಳಕ್ಕೆ ಕುಸಿದಿತ್ತು. ಕಾರನ್ನು ಶೆಡ್ಡಿಗೆ ತಳ್ಳಿ, ಅಜ್ಜನ ಹಳೆಯ ಕಂಬಳಿ ಹೊದಿಸಿ, ಒಳಗೆ ಬಂದ.

"ಜಿಂಕೆ, ಓಮಾ. ಕಾಲುವೆ ಹತ್ರ ಅಡ್ಡ ಬಂತು."

"ನಿಂಗೇನೂ ಆಗಿಲ್ವಾ ಮಗಾ?"

"ಇಲ್ಲ."

ಅವಳು ಮೀನು ಬಡಿಸಿದಳು. ಅವನು ತಿಂದ. ಹಾಡುಹಗಲಲ್ಲಿ ಜಿಂಕೆ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ.

ಅದು ಜಿಂಕೆಯಲ್ಲ, ನೆಬಾಹತ್ ಚಾಕರ್. ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ತಟ್ಟೆ ತುಂಬುವ ಕೆಲಸ. ಹಬ್ಬದ ರಜೆ ರೋಗಿಗಳ ಹೊಟ್ಟೆಗೆ ಇಲ್ಲವಲ್ಲ, ಅದಕ್ಕೆ ಅವಳಿಗೂ ಇರಲಿಲ್ಲ. ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಎರಡು ಕಾರುಗಳಲ್ಲಿ ಒಂದು ಅವಳನ್ನು ಎತ್ತಿ ಎಸೆಯಿತು. ಎರಡೂ ನಿಲ್ಲಲಿಲ್ಲ.

ಸಂಜೆ ಬಿರ್ಗಿಟ್ ಬಂದಳು. ಮಗ ಅವಳಿಗೆ ನಿಜ ಹೇಳಿದ್ದ, ಹೆಂಗಸು ಸತ್ತ ಸುದ್ದಿಯನ್ನು ಅವಳೇ ತಾಯಿಗೆ ತಿಳಿಸಿದಳು. ಕಣ್ಣು ಬಾತಿದ್ದವು, ಆದರೆ ತಲೆ ಕೆಲಸ ಮಾಡುತ್ತಿತ್ತು.

"ಅಮ್ಮಾ, ಕಾಗದದಲ್ಲಿ ಓಡಿಸೋದು ನೀನೊಬ್ಳೇ ಅಂತಿದೆ."

"ಇದೆ. ಏನೀಗ?"

"ವಯಸ್ಸಾಗಿದೆ, ಬ್ರೇಕು ಅಂತ ಬೇರೆದನ್ನ ತುಳಿದೆ ಅನ್ನು. ಹೆದರಿ ಮನೆಗೆ ಬಂದುಬಿಟ್ಟೆ ಅನ್ನು. ನಿನ್ನನ್ನ ಯಾರೂ ಜೈಲಿಗೆ ಹಾಕಲ್ಲ. ಅವನಿಗೆ ಇಪ್ಪತ್ತೆರಡು ಅಮ್ಮಾ!"

"ಅವಳಿಗೆಷ್ಟು?"

"ಯಾರಿಗೆ?"

"ಸತ್ತೋಳಿಗೆ."

"ನಂಗೇನು ಗೊತ್ತು! ಅವಳು ಹೋದ್ಲು, ವಾಪಸ್ ಬರ್ತಾಳಾ? ಇವನನ್ನ ಉಳಿಸಬೋದು. ಸರಿ, ಸುಳ್ಳು ಬೇಡ. ಬಾಯಾದ್ರೂ ಮುಚ್ಕೊಂಡಿರು. ಅಜ್ಜಿಯಾದೋಳು ಮೊಮ್ಮಗನ ವಿರುದ್ಧ ಸಾಕ್ಷಿ ಹೇಳ್ಬೇಕಿಲ್ಲ, ಕಾನೂನೇ ಹಾಗಿದೆ."

ಕಾನೂನು ಹಾಗೆಯೇ ಇದೆ. ಮರುದಿನ ಕಾರನ್ನು ಎಳೆದೊಯ್ಯಲು ಬಂದ ಪೊಲೀಸರೂ ಅದನ್ನೇ ಹೇಳಿದರು. ರಸ್ತೆಯ ಕ್ಯಾಮೆರಾಕ್ಕೆ ಕಾರು ಸಿಕ್ಕಿತ್ತು, ಗಾಜಿನ ಮೇಲೆ ಬಿಸಿಲು ಹೊಳೆದು ಮುಖ ಸಿಕ್ಕಿರಲಿಲ್ಲ. ಟಿಮೊ, ಬೀಗದ ಕೈ ಗೆಳೆಯರಲ್ಲಿ ಎಲ್ಲರ ಹತ್ತಿರವೂ ಓಡಾಡುತ್ತಿತ್ತು ಎಂದ. ಗೆಳೆಯರಿಗೆ ಏನೂ ನೆನಪಿರಲಿಲ್ಲ. ಚಾಲಕನ ಸೀಟಿನಿಂದ ಇಳಿದವನನ್ನು ಕಂಡವಳು ಎಲ್ಫ್ರೀಡೆ ಒಬ್ಬಳೇ. ಅವಳು ಆವತ್ತು ಏನೂ ಹೇಳಲಿಲ್ಲ. ಹಬ್ಬವೆಲ್ಲ ಹಾಗೇ ಕೂತಿದ್ದಳು.

ಹಬ್ಬ ಮುಗಿದ ಬೆಳಿಗ್ಗೆ ಕಾಲುವೆಯ ರಸ್ತೆಗೆ ನಡೆದುಹೋದಳು. ಮೇಣದಬತ್ತಿಗಳು, ಹೂವು. ಹುಲ್ಲಿನಲ್ಲಿ ಒಬ್ಬ ಮನುಷ್ಯ ಮಂಡಿಯೂರಿ ಏನನ್ನೋ ಆಯ್ದು ಅಂಗಡಿಯ ಚೀಲಕ್ಕೆ ಹಾಕುತ್ತಿದ್ದ. ಸೈಕಲ್ಲಿನ ಗಂಟೆ, ಪೆಡಲಿನ ತುಂಡು, ಊಟದ ಡಬ್ಬಿಯ ಮುಚ್ಚಳ. ಅವನು ನೆಬಾಹತಳ ಗಂಡ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎಲ್ಫ್ರೀಡೆ ಹತ್ತಿರ ಹೋದಳು. ಅವನು ತಲೆ ಎತ್ತಿ ಕೈ ಅಡ್ಡ ಹಿಡಿದ.

"ಜೋಪಾನ ಓಮಾ, ಅಲ್ಲಿ ಗಾಜಿದೆ. ಕಾಲಿಗೆ ಚುಚ್ಚುತ್ತೆ."

ಅವಳು ಅಲ್ಲಿಂದ ಮನೆಗೆ ಹೋಗಲಿಲ್ಲ. ಠಾಣೆಗೆ ಹೋದಳು. ಅಲ್ಲಿನ ಯುವ ಅಧಿಕಾರಿಣಿ ಕುರ್ಚಿ ಕೊಟ್ಟು, ನಿಧಾನವಾಗಿ ಓದಿ ಹೇಳಿದಳು: ನೀವು ಅಜ್ಜಿ, ಹೇಳಲೇಬೇಕು ಅಂತಿಲ್ಲ.

"ಗೊತ್ತು."

"ಹೇಳದೇ ಇದ್ರೆ ಅದನ್ನ ಯಾರೂ ತಪ್ಪಾಗಿ ತಿಳ್ಕೊಳ್ಳೋ ಹಾಗಿಲ್ಲ, ಫ್ರೌ ಸೊಬೊಟ್ಟಾ."

"ಅದೂ ಗೊತ್ತು ಕಣಮ್ಮಾ. ಬರ್ಕೋ. ಓಡಿಸ್ತಿದ್ದದ್ದು ಟಿಮೊ. ಒಬ್ನೇ ಇಳಿದ, ನಾನೇ ನೋಡಿದೆ. ಆಮೇಲೆ ವಿಮೆಗೆ ನಾನೊಬ್ಳೇ ಓಡಿಸೋದು ಅಂತ ಬರೆಸಿದ್ನಲ್ಲ, ಅದು ಸುಳ್ಳು. ಅದನ್ನೂ ಬರ್ಕೋ. ನಕ್ಕೊಂಡು ಸಹಿ ಹಾಕ್ದೆ."

ಟಿಮೊಗೆ ಶಿಕ್ಷೆಯಾಯಿತು. ವಿಮೆಯವರು ಸುಳ್ಳು ಹೇಳಿಕೆಗಾಗಿ ಮುದುಕಿಯ ಬೆನ್ನು ಹತ್ತಿದರು, ಗಂಡನ ಗಣಿ ದುಡ್ಡು ಆ ಕಡೆ ಹೋಯಿತು. ಲೀಸಿನವರು ಕಾರನ್ನು ಪರೀಕ್ಷಿಸಲು ಆಳು ಕಳಿಸಿದರು. ಅವನು ದೀಪ, ಗಾಜು, ಬಾನೆಟ್ಟು ಎಂದು ಒಂದೊಂದಾಗಿ ಬರೆದುಕೊಂಡ. ಸತ್ತ ಹೆಂಗಸಿನ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ಲಿಂಡ್ಲಾರನನ್ನು ಸಾಕ್ಷಿಯಾಗಿ ಕರೆದಾಗ, "ಗಿರಾಕಿ ಹೇಳಿದ್ದನ್ನ ಬರೆದೆ," ಎಂದು ಹೇಳಿ ಊಟದ ಹೊತ್ತಿಗೆ ಮಳಿಗೆಗೆ ಮರಳಿದ. ಅದೇ ಬಣ್ಣದ ಇನ್ನೊಂದು ಕಾರು ಅಲ್ಲಿ ಗಾಜಿನ ಹಿಂದೆ ನಿಂತಿದೆ. ಯಾವುದೋ ಅಜ್ಜಿ ಬಿಸ್ಕತ್ತು ತಿನ್ನುತ್ತಿರಬಹುದು.

ಬಿರ್ಗಿಟ್ ತಾಯಿಯ ಜೊತೆ ಮಾತು ಬಿಟ್ಟಳು. ಬೀದಿಯೂ ಬಿಟ್ಟಿತು. ಹೋರ್ಸ್ಟ್ ಒಮ್ಮೆ ಬೇಲಿಯ ಆಚೆಯಿಂದ, "ಕಾನೂನೇ ಬಾಯಿ ಮುಚ್ಕೋ ಅಂದಿತ್ತಲ್ಲೇ," ಎಂದವನು ಮತ್ತೆ ಆ ಬಾಗಿಲು ತಟ್ಟಲಿಲ್ಲ. ಮೊಮ್ಮಗನನ್ನು ಮಾರಿದವಳು ಎಂದು ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಮಾತಾಡಿಕೊಂಡವರ ಬಾಯಲ್ಲಿ ನೆಬಾಹತ್ ಎಂಬ ಹೆಸರನ್ನು ನಾನು ಒಂದು ಸಲವೂ ಕೇಳಿಲ್ಲ. ಸುಳ್ಳು ಸಹಿ ಹಾಕಿದ ದಿನ ಅವಳು ನಮಗೆಲ್ಲ ಒಳ್ಳೆಯ ಅಜ್ಜಿ, ನಿಜ ಹೇಳಿದ ದಿನ ಕೆಟ್ಟವಳು. ಇಂಥ ಊರು ನಮ್ಮದು.

ತಿಂಗಳಿಗೊಮ್ಮೆ ಅವಳು ಬಸ್ಸು ಹತ್ತಿ ಜೈಲಿಗೆ ಹೋಗುತ್ತಾಳೆ. ಕೈಚೀಲ ಕಪಾಟಿನಲ್ಲಿಟ್ಟು ಬೀಗ ಹಾಕಿ, ಭೇಟಿಯ ಕೋಣೆಯಲ್ಲಿ ತನಗೆ ಗೊತ್ತುಮಾಡಿದ ಮೇಜಿನ ಮುಂದೆ ಕೂರುತ್ತಾಳೆ. ಟಿಮೊ ಇನ್ನೂ ಒಮ್ಮೆಯೂ ಅವಳನ್ನು ನೋಡಲು ಬಂದಿಲ್ಲ.

"ಬರಲ್ಲ ಅಂತಿದಾನೆ ಫ್ರೌ ಸೊಬೊಟ್ಟಾ," ಎಂದ ಕಾವಲುಗಾರ ಕಳೆದ ಸಲವೂ. "ಮನೆಗೆ ಹೋಗ್ರಿ. ಇಲ್ಲಿ ಕೂತು ಏನು ಮಾಡ್ತೀರಿ?"

"ಭೇಟಿ ಹೊತ್ತು ಮುಗೀತಾ?"

"ಇಲ್ಲ, ಇನ್ನೂ ಇದೆ."

"ಹಾಗಿದ್ರೆ ಕೂತಿರ್ತೀನಿ."

ಪಕ್ಕದ ಮೇಜುಗಳಲ್ಲಿ ತಾಯಂದಿರು, ಹೆಂಡತಿಯರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವಳು ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತ, ಕೋಟು ತೆಗೆಯದೆ, ಕೊನೆಯ ಗಂಟೆ ಬಾರಿಸುವ ತನಕ ಕೂತಿದ್ದಳು.