ಮ್ಯಾಟ್ನಿ ಶೋನಲ್ಲಿ ನಮ್ಮಣ್ಣನ ಕೊಲೆಗಳು

ಹೋದ ಶುಕ್ರವಾರ ನಮ್ಮಣ್ಣ ಮೂರು ಕೊಲೆ ಮಾಡಿದ. ಚಿತ್ರದುರ್ಗದಲ್ಲಿ, ಹಾಡಹಗಲೇ, ತುಂಬಿದ ಥಿಯೇಟರಿನಲ್ಲಿ. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ.

ಗಾಬರಿಯಾಗಬೇಡಿ. ಕೊಂದಿದ್ದು ತೆರೆಯ ಮೇಲಿನ ನಟ. ಆದರೆ ಆ ನಟನ ಹೆಗಲ ಮೇಲಿನ ಕಂಬಳಿ, ಕೆಮ್ಮಿಯೇ ಮಾತು ಶುರು ಮಾಡುವ ರೀತಿ, ಎದುರಿಗೆ ಸಿಕ್ಕವರನ್ನೆಲ್ಲ 'ಊಟ ಆತೇನಪ್ಪ?' ಅಂತ ಕೇಳುವ ಚಾಳಿ, ಎಲ್ಲವೂ ನಮ್ಮ ಈರಣ್ಣನದೇ. (ಸಿನಿಮಾದಲ್ಲಿ ಹಾಗೆ ಕೇಳಿಸಿಕೊಂಡವನು ಮುಂದಿನ ಸೀನಿಗೆ ಬದುಕಿರುವುದಿಲ್ಲ.) ಮೊದಲ ಸಲ ಬಾಯಿ ತೆರೆದಾಗಲೇ ನಮ್ಮೂರ ಜನ ಹೋ ಅಂತ ಕೂಗಿದರು.

ಸಿನಿಮಾ ತೆಗೆದವಳು ಯಾರು ಅಂದಿರಾ? ಈರಣ್ಣನ ಮಗಳು ನೇತ್ರಾ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಹುಡುಗಿ, ಸಿನಿಮಾ ಡೈರೆಕ್ಟರ್!

ಕಥೆ ಸಣ್ಣದು. ಒಬ್ಬಳು ಬಹಳ ವರ್ಷದ ಮೇಲೆ ಹುಟ್ಟೂರಿಗೆ ಬರುತ್ತಾಳೆ. ಹುಲ್ಲಿನ ಬಣವೆಯಲ್ಲಿ ಹೆಣ ಸಿಗುತ್ತದೆ. ಕೊಂದವರು ಯಾರು ಅಂತ ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬದಲಿಗೆ ಒಬ್ಬೊಬ್ಬರೇ ಬಂದು, ಕಾಫಿ ಕುಡಿದು, ಎಲ್ಲಿ ಹೂಳಿದರೆ ಒಳ್ಳೆಯದು ಅಂತ ಸಲಹೆ ಕೊಟ್ಟು ಹೋಗುತ್ತಾರೆ. ಭಯವೂ ಆಗುತ್ತೆ, ನಗುವೂ ಬರುತ್ತೆ. ನಮ್ಮೂರು ಥೇಟ್ ಹಾಗೇ. (ಹೆಣ ಒಂದನ್ನು ಬಿಟ್ಟು.)

ಈಗ ಸಿನಿಮಾದ ಹಿಂದಿನ ಕಥೆ. ನೇತ್ರಾ ಡಿಗ್ರಿ ಮುಗಿಸಿದ ವರ್ಷ ಅಣ್ಣ ಗಂಡು ನೋಡಿದ್ದ. ಗಂಡಿನ ಕಡೆಯವರು ಪಡಸಾಲೆಯಲ್ಲಿ ಕೂತಿರುವಾಗಲೇ ಅವಳು ಒಲ್ಲೆ ಅಂದಳು. ಸಿನಿಮಾ ಕಲಿಯಬೇಕು ಅಂದಳು. ಅಣ್ಣ ಕುರಿ ಸಾಕಿ, ಹೊಲ ಮಾಡಿ, ನಾಲ್ಕು ಜನರ ಮುಂದೆ ತಲೆಯೆತ್ತಿ ಬಾಳಿದವನು. 'ಹೋಗ್ತೀಯಾ? ಹೋಗು. ತಿರುಗಿ ಈ ಊರಿಗೆ ಕಾಲಿಡಬ್ಯಾಡ' ಅಂದ.

ಅವಳು ಹೋದಳು. ಕಾಲಿಡಲಿಲ್ಲ. ಅಪ್ಪನ ಹಟ ಮಗಳಿಗಲ್ಲದೆ ಇನ್ಯಾರಿಗೆ ಬರಬೇಕು?

ಅತ್ತಿಗೆ ಮಾತ್ರ ಆಗಾಗ 'ಬಬ್ಬೂರಿಗೆ ಅಕ್ಕನ ಮನೆಗೆ ಹೋಗಿ ಬರ್ತೀನಿ' ಅಂತ ಹೇಳಿ ಹೊರಡುತ್ತಿದ್ದಳು. ಹಿರಿಯೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಗಳನ್ನು ಕೂರಿಸಿಕೊಂಡು, ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ ತಿನ್ನಿಸಿ ಬರುತ್ತಿದ್ದಳು. ಅಣ್ಣನಿಗೆ ಗೊತ್ತಿಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು.

ಆಮೇಲೆ ನೇತ್ರಾ ತನ್ನ ಸಿನಿಮಾ ತೆಗೆದಳು. ಶೂಟಿಂಗ್ ನಡೆದದ್ದು ಹೊಸದುರ್ಗದ ಕಡೆ. ಊರಿಗೆ ಕಾಲಿಡದೆ, ಆದರೆ ರಾಮಗಿರಿಯ ಗುಡ್ಡ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ಕ್ಯಾಮೆರಾ ಇಟ್ಟಿದ್ದಳು.

ಸಿನಿಮಾ ಚಿತ್ರದುರ್ಗಕ್ಕೆ ಬಂದಾಗ ಇಲ್ಲೇ ಇರುವ ನಾನು ಅಣ್ಣನಿಗೆ ಫೋನ್ ಮಾಡಿದೆ. 'ಬರ್ತೀಯೇನಣ್ಣ?' 'ಟೆಂಪೋ ಹೇಳೀನಿ. ಊರ ಮಂದೀನೂ ಕರ್ಕಂಡ್ ಬರ್ತೀನಿ' ಅಂದ. ಖುಷಿಯಾಗಬೇಕಿತ್ತು. ನನಗೆ ಅನುಮಾನ. ಊರ ಮುಂದೆ ಹೊಗಳೋಕೆ ಬರ್ತಾನೋ, ಬೈಯೋಕೋ?

ನೇತ್ರಾ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಅವಳ ಮುಂದೆಯೇ ಹಾದು ಒಳಗೆ ಹೋದ. ಕತ್ತು ತಿರುಗಿಸಲಿಲ್ಲ.

ಇಂಟರ್‌ವೆಲ್‌ನಲ್ಲಿ ನಮ್ಮ ದಾಯಾದಿ ಶೇಖರಪ್ಪ ಟೀ ಹಿಡಿದು ಬಂದ. ಎಲ್ಲರಿಗೂ ಕೇಳುವ ಹಾಗೆ, 'ಲೇ ಈರಣ್ಣ, ನಿನ್ನ ಮಗಳು ನಿನ್ನನ್ನೇ ಕೊಲೆಗಾರ ಮಾಡಿ ಮಾನ ಕಳೆದ್ಲಲ್ಲೋ!' ಅಂದ. ಅಣ್ಣ ಮೀಸೆ ಒರೆಸಿಕೊಂಡ. 'ಇನ್ನೂ ಅರ್ಧ ಐತೆ. ಕುಂತ್ಕಂಡ್ ನೋಡು' ಅಂದ. ಅಷ್ಟೇ.

ಕೊನೆಯ ಸೀನು. ಕೊಲೆಗಾರ ಮಚ್ಚು ಹಿಡಿದು, ಊರಿಗೆ ಬಂದ ಆ ಹುಡುಗಿಯ ಎದುರು ಬರುತ್ತಾನೆ. ಬಂದವನು ನಿಂತುಬಿಡುತ್ತಾನೆ. 'ನೀನು ಊರು ಬಿಟ್ಟ ದಿನ ನಾನೂ ಸ್ಟೇಷನ್ನಿಗೆ ಬಂದಿದ್ದೆ ಕಣವ್ವ. ಬೇವಿನ ಮರದ ಹಿಂದೆ ನಿಂತಿದ್ದೆ. ರೈಲು ಹೋದ ಮೇಲೂ ನಿಂತೇ ಇದ್ದೆ.' ಆಮೇಲೆ ಮಚ್ಚನ್ನು ಕಂಬಳಿಗೆ ಒರೆಸಿಕೊಂಡು, 'ಕಾಫಿ ಕುಡಿತೀಯಾ?' ಅನ್ನುತ್ತಾನೆ.

ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಅಣ್ಣ ನಗಲಿಲ್ಲ. ನನ್ನ ತೋಳು ಹಿಡಿದುಕೊಂಡ.

'ನಾನು ನಿಂತಿದ್ದು ಇವಳಿಗೆ ಹೆಂಗ್ ಗೊತ್ತಾತೇ?'

ನಮಗ್ಯಾರಿಗೂ ಗೊತ್ತಿರಲಿಲ್ಲ. ಬೈದು ಕಳಿಸಿದವನು ಮಗಳ ಹಿಂದೆಯೇ ರಾಮಗಿರಿ ಸ್ಟೇಷನ್ನಿಗೆ ಹೋಗಿ ಮರದ ಮರೆಯಲ್ಲಿ ನಿಂತಿದ್ದ. ಅವಳು ರೈಲಿನ ಕಿಟಕಿಯಿಂದ ನೋಡಿದ್ದಳು. ಇಬ್ಬರೂ ಇಷ್ಟು ವರ್ಷ ಒಬ್ಬರ ಮುಂದೆಯೂ ಹೇಳಿರಲಿಲ್ಲ.

ಹೊರಗೆ ಬಂದೆವು. ಅಣ್ಣ ನೆಟ್ಟಗೆ ಮಗಳ ಮುಂದೆ ಹೋಗಿ ನಿಂತ. ಕೆಮ್ಮಿದ. (ಜನ ಆಗಲೇ ನಗೋಕೆ ಶುರು ಮಾಡಿದ್ದರು.)

'ಅವನ ಮೀಸೆ ಸಣ್ಣದಾತು. ಇನ್ನೊಂಚೂರು ದಪ್ಪ ಇಡಬೇಕಿತ್ತು' ಅಂದ.

ನೇತ್ರಾ ಅಳುತ್ತಲೇ ನಕ್ಕಳು. ಅಣ್ಣ ಜನರ ಕಡೆ ತಿರುಗಿದ. 'ಕೊಲೆಗಾರ ನಾನೇ ಕಣ್ರಿ! ಸರಿಯಾಗಿ ನೋಡ್ಕಳ್ರಿ. ಪಿಚ್ಚರ್ ತೆಗೆದೋಳು ನನ್ನ ಮಗಳು!' ಎದೆ ಎಷ್ಟು ಉಬ್ಬಿತ್ತು ಅಂದರೆ ಅಂಗಿಯ ಗುಂಡಿಗೆ ಕಷ್ಟವಾಗುತ್ತಿತ್ತು. ಆಮೇಲೆ ಮಗಳ ಬ್ಯಾಗನ್ನು ತಾನೇ ಎತ್ತಿಕೊಂಡು, 'ಹೋಗಾಣ ನಡಿಯವ್ವ. ನಿಮ್ಮವ್ವ ಹಿರಿಯೂರಿಗೆ ಓಡಾಡಿ ಸಾಕಾಗ್ಯಾಳೆ' ಅಂದ.

ಟೆಂಪೋದಲ್ಲಿ ಜೊತೆಗೇ ಬಂದಿದ್ದ ಅತ್ತಿಗೆಯ ಮುಖ ನೀವು ನೋಡಬೇಕಿತ್ತು. 'ನಿಮಗೆ ಗೊತ್ತಿತ್ತಾ?' ಅಂದಳು. 'ಅಕ್ಕನ ಮನೆಗೆ ಹೋಗಿ ಬಂದೋರ ಮುಖ ಅಂಗೆ ಅರಳಿರತೈತಾ?' ಅಂದ ಅಣ್ಣ.

ಊರನ್ನು ಹೊಗಳೋಕೆ ಯಾರಾದರೂ ಆದೀತು. ನಾಲ್ಕು ಒಳ್ಳೆ ಮಾತು, ಒಂದು ಶಾಲು, ಮುಗೀತು. ಊರಿನ ಕೆಮ್ಮು, ಕಂಬಳಿ, ಕಳ್ಳ ಪ್ರೀತಿ ಎಲ್ಲವನ್ನೂ ದೂರದಲ್ಲಿದ್ದೂ ಮನಸ್ಸಿನಲ್ಲಿ ಕಾಪಾಡಿಕೊಂಡು, ಅದೇ ಊರನ್ನು ಹೆದರಿಸಿ ನಗಿಸೋಕೆ ಊರಿನ ಮಗಳೇ ಬೇಕು. ನನಗೆ ಹೆಮ್ಮೆ ಅನ್ನಿಸಿದ್ದು ಅವಳು ಡೈರೆಕ್ಟರ್ ಆಗಿದ್ದಕ್ಕಲ್ಲ. ಅವಳು ಏನನ್ನೂ ಮರೆಯದೇ ಇದ್ದದ್ದಕ್ಕೆ.

ನೇತ್ರಾ ಈಗ ರಾಮಗಿರಿಯಲ್ಲೇ ಇದ್ದಾಳೆ. ಮೊನ್ನೆ ಹೋಗಿದ್ದೆ. ಕಟ್ಟೆಯ ಮೇಲೆ ದೊಡ್ಡ ಗುಂಪು. ಎಲ್ಲರದೂ ಒಂದೇ ಬೇಡಿಕೆ, 'ಮುಂದಿನ ಪಿಚ್ಚರ್‌ನಾಗೆ ನನ್ನನ್ನೂ ಸಾಯಿಸವ್ವ.' ಶೇಖರಪ್ಪನಂತೂ ಬಣವೆಯ ಹೆಣ ತನಗೇ ಬೇಕು ಅಂತ ಹಟ ಹಿಡಿದು ಕೂತಿದ್ದ.

ಮಾನ ಹೋಯಿತು ಅಂದವರೇ ಪ್ರಾಣ ಬಿಡೋಕೆ ಕ್ಯೂ ನಿಂತರೆ, ಒಂದು ಹುಡುಗಿಗೆ ಇನ್ನೆಂಥ ಸನ್ಮಾನ ಬೇಕು ಹೇಳಿ?